ರಾಜ್ಯ ಸರ್ಕಾರವೇ ಆರೋಗ್ಯ ವಿಮೆ ನೀಡಬಲ್ಲುದೆ?

ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಆಸ್ಪತ್ರೆಯ ಖರ್ಚಿಗೆ ಪ್ರತ್ಯೇಕ ಬಾಬತ್ತು ಇರುವುದಿಲ್ಲ. ಆದರೆ ಸಣ್ಣ ವರ್ತಕರ ಮನೆಯಲ್ಲಿ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆಯೋ ಮೂತ್ರಪಿಂಡದ ಕಾಯಿಲೆಯೋ ಬಂದೊದಗಿದರೆ ಅದಕ್ಕೆ ಬೇಕಾದ ಹಣ ಹೊರಡುವುದು ಅಂಗಡಿಯ ದುಡಿಯುವ ಬಂಡವಾಳದಿಂದಲೇ. ಸರಕು ತರಿಸಲು ಇಟ್ಟಿದ್ದ ಹಣ ಆಸ್ಪತ್ರೆಗೆ ಸಲ್ಲುತ್ತದೆ. ಸಗಟು ವ್ಯಾಪಾರಿಗೆ ಕೊಡಬೇಕಾದ ಬಾಕಿ ನಿಲ್ಲುತ್ತದೆ. ಮನೆಯ ಚಿನ್ನ ಅಡವಿಗೆ ಹೋಗುತ್ತದೆ. ಹತ್ತು ವರ್ಷ ಕಷ್ಟಪಟ್ಟು ಕಟ್ಟಿದ ವ್ಯವಹಾರ ಹತ್ತು ದಿನಗಳ ಚಿಕಿತ್ಸೆಯಲ್ಲಿ ಹಿಂದಕ್ಕೆ ಸರಿಯುತ್ತದೆ.

ಈ ವರ್ಗಕ್ಕೆ ಆಸರೆಯಾಗುವ ವ್ಯವಸ್ಥೆ ಕಡಿಮೆ. ಬಡತನ ರೇಖೆಗಿಂತ ಕೆಳಗಿರುವವರಿಗೆ ಸರ್ಕಾರದ ಉಚಿತ ಯೋಜನೆಗಳಿವೆ. ಕಾರ್ಖಾನೆಯ ಕಾರ್ಮಿಕರಿಗೆ ನೌಕರರ ರಾಜ್ಯ ವಿಮಾ ಯೋಜನೆ, ಅಂದರೆ ಇಎಸ್‌ಐ ಇದೆ. 2017ರ ಜನವರಿಯಲ್ಲಿ ಅದರ ಮಾಸಿಕ ವೇತನದ ಮಿತಿಯನ್ನು 21,000 ರೂಪಾಯಿಗೆ ಏರಿಸಲಾಯಿತು. ಮಿತಿಯನ್ನು ದಾಟಿದ ನೌಕರನೂ, ಸ್ವಂತ ಅಂಗಡಿಯ ಮಾಲೀಕನೂ ಅದರ ಹೊರಗೇ ಉಳಿಯುತ್ತಾರೆ. ನೀತಿ ಆಯೋಗವು 2021ರ ವರದಿಯೊಂದರಲ್ಲಿ, ಯಾವ ಆರೋಗ್ಯ ರಕ್ಷಣೆಯೂ ಇಲ್ಲದ ಇಂಥವರ ಪ್ರಮಾಣ ದೇಶದ ಜನಸಂಖ್ಯೆಯ ಶೇಕಡ 30ರಷ್ಟು, ಅಂದರೆ ಸುಮಾರು 40 ಕೋಟಿ ಎಂದು ಅಂದಾಜಿಸಿತು. ಈ ಹಿನ್ನೆಲೆಯಲ್ಲಿ, ರಾಜ್ಯ ಸರ್ಕಾರಗಳೇ ತಮ್ಮದಾದ ಆರೋಗ್ಯ ವಿಮೆಯನ್ನು ಈ ವರ್ಗಕ್ಕೂ ನೀಡಬಹುದೆ ಎಂಬ ಪ್ರಶ್ನೆ ವಾಣಿಜ್ಯೋದ್ಯಮಿಗಳೆಲ್ಲರ ಪರಿಶೀಲನೆಗೆ ಅರ್ಹವಾಗಿದೆ.

ಸಂವಿಧಾನದಲ್ಲಿ ಅವಕಾಶವಿದೆಯೆ?

ಸಂವಿಧಾನದ ಏಳನೆಯ ಅನುಸೂಚಿಯನ್ನು ಮೇಲುನೋಟಕ್ಕೆ ಓದಿದರೆ ಉತ್ತರ ನಿರಾಶಾದಾಯಕವೆನಿಸುತ್ತದೆ. ವಿಮೆ ಎಂಬುದು ಕೇಂದ್ರ ಪಟ್ಟಿಯ 47ನೆಯ ನಮೂದು. ಆದರೆ ಸಾರ್ವಜನಿಕ ಆರೋಗ್ಯ, ಆಸ್ಪತ್ರೆ ಮತ್ತು ಔಷಧಾಲಯಗಳು ರಾಜ್ಯ ಪಟ್ಟಿಯ 6ನೆಯ ನಮೂದಿನಲ್ಲಿವೆ. ಸಾಮಾಜಿಕ ಭದ್ರತೆ ಮತ್ತು ಸಾಮಾಜಿಕ ವಿಮೆ ಸಮವರ್ತಿ ಪಟ್ಟಿಯ 23ನೆಯ ನಮೂದಿನಲ್ಲಿವೆ. ಆದ್ದರಿಂದ ಲಾಭಕ್ಕಾಗಿ ವಿಮಾ ವ್ಯವಹಾರ ನಡೆಸುವುದನ್ನು ನಿಯಂತ್ರಿಸುವ ಅಧಿಕಾರ ಕೇಂದ್ರದ್ದಾದರೂ, ತನ್ನ ಪ್ರಜೆಗಳ ಚಿಕಿತ್ಸಾ ವೆಚ್ಚವನ್ನು ಭರಿಸುವ ವ್ಯವಸ್ಥೆಯನ್ನು ರೂಪಿಸಲು ರಾಜ್ಯಕ್ಕೆ ಸಾಕಷ್ಟು ಅವಕಾಶವಿದೆ.

ವಾಸ್ತವವಾಗಿ ರಾಜ್ಯಗಳು ಎರಡು ಮಾರ್ಗಗಳನ್ನು ಅನುಸರಿಸುತ್ತ ಬಂದಿವೆ. ಮೊದಲನೆಯದರಲ್ಲಿ ಸರ್ಕಾರವು ಪ್ರತಿ ಕುಟುಂಬಕ್ಕೆ ಇಂತಿಷ್ಟೆಂದು ವಿಮಾ ಕಂಪನಿಗೆ ಕಂತು ಪಾವತಿಸುತ್ತದೆ. ವೆಚ್ಚ ಮಿತಿಮೀರಿದರೆ ನಷ್ಟ ಕಂಪನಿಯದು. ಆಂಧ್ರಪ್ರದೇಶದ ರಾಜೀವ್ ಆರೋಗ್ಯಶ್ರೀ 2007ರಲ್ಲಿ ಆರಂಭವಾದದ್ದು ಹೀಗೆ. ಎರಡನೆಯದರಲ್ಲಿ ಸರ್ಕಾರವು ಟ್ರಸ್ಟ್ ಸ್ಥಾಪಿಸಿ, ಅದರ ಮೂಲಕ ಆಸ್ಪತ್ರೆಗಳ ಬಿಲ್ಲನ್ನು ನೇರವಾಗಿ ಪಾವತಿಸುತ್ತದೆ. ಲಾಭ ನಷ್ಟಗಳೆರಡೂ ಬೊಕ್ಕಸದವು. ಕರ್ನಾಟಕದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಈ ಎರಡನೆಯ ಮಾದರಿಯದು.

ಯಶಸ್ವಿನಿ ಕಲಿಸಿದ ಪಾಠ

ಸ್ವತಃ ಕಂತು ಕಟ್ಟುವವರಿಗಾಗಿ ರೂಪಿಸಿದ ಯೋಜನೆಗೆ ನಮ್ಮ ರಾಜ್ಯದಲ್ಲೇ ಉತ್ತಮ ನಿದರ್ಶನವಿದೆ. ಹೃದಯತಜ್ಞ ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡ ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಜಾರಿಗೆ ಬಂದಿತು. ಸಹಕಾರ ಸಂಘಗಳ ರೈತ ಸದಸ್ಯರು ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಸಾವಿರದ ಆರುನೂರಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳಿಗೆ ರಕ್ಷಣೆ ದೊರೆಯುತ್ತಿತ್ತು. ಸರ್ಕಾರದ ಸಹಾಯಧನವೂ ಅದಕ್ಕೆ ಸೇರಿತ್ತು.

ಅಷ್ಟು ಅಲ್ಪ ಕಂತಿನಲ್ಲಿ ಇದು ಸಾಧ್ಯವಾದುದಕ್ಕೆ ಮುಖ್ಯ ಕಾರಣ ಸಹಕಾರ ಸಂಘಗಳು. ಅವು ಸದಸ್ಯರನ್ನು ಗುಂಪುಗುಂಪಾಗಿ ನೋಂದಾಯಿಸಿದವು. ಆರೋಗ್ಯವಂತರೂ ರೋಗಿಗಳೂ ಒಟ್ಟಿಗೆ ಸೇರಿದರು. ಲಕ್ಷಾಂತರ ಸದಸ್ಯರಿದ್ದುದರಿಂದ ಆಸ್ಪತ್ರೆಗಳೊಡನೆ ಪ್ರತಿ ಶಸ್ತ್ರಚಿಕಿತ್ಸೆಗೂ ನಿಗದಿತ ದರವನ್ನು ಮಾತನಾಡಿ ಒಪ್ಪಿಸಲು ಸಾಧ್ಯವಾಯಿತು. 2018ರಲ್ಲಿ ಈ ಯೋಜನೆಯನ್ನು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಳಿಸಲಾಯಿತಾದರೂ, ಸಹಕಾರಿಗಳ ಒತ್ತಾಯದಿಂದ 2022ರಲ್ಲಿ ಪುನಃ ಆರಂಭಿಸಲಾಯಿತು. ಆಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವಾರ್ಷಿಕ 500 ರೂಪಾಯಿ, ನಗರದ ಕುಟುಂಬಕ್ಕೆ 1,000 ರೂಪಾಯಿ ಕಂತು ಮತ್ತು 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಿಗದಿಯಾಯಿತು.

ಇಂಥ ಯೋಜನೆಗಳಿಂದ ನಿಜವಾಗಿ ಪ್ರಯೋಜನವಾಗುತ್ತದೆಯೆ ಎಂಬ ಸಂದೇಹಕ್ಕೂ ಸಮಾಧಾನವಿದೆ. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯ ಬಗೆಗೆ ನಡೆದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ಗಡಿಯ ಈಚೆ ಮತ್ತು ಆಚೆಯ ಹಳ್ಳಿಗಳನ್ನು ಹೋಲಿಸಿದಾಗ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಸಂಭವಿಸಿದ ಸಾವುಗಳು ಈಚೆಯ ಬಡ ಕುಟುಂಬಗಳಲ್ಲಿ ಶೇಕಡ 64ರಷ್ಟು ಕಡಿಮೆ ಇದ್ದವು.

ಕಂತಿನ ಲೆಕ್ಕಾಚಾರ

ಹೀಗಿದ್ದರೂ ಬಡತನ ರೇಖೆಗಿಂತ ಮೇಲಿರುವವರಿಗೆ ಬಾಗಿಲು ಅರ್ಧವಷ್ಟೇ ತೆರೆದಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಗೊತ್ತುಪಡಿಸಲಾಯಿತು. ಉಳಿದವರಿಗೆ ನಿಗದಿತ ದರದ ಶೇಕಡ 30ರಷ್ಟು ನೆರವನ್ನು, ಅದೂ ವರ್ಷಕ್ಕೆ 1.5 ಲಕ್ಷ ರೂಪಾಯಿಗೆ ಮೀರದಂತೆ ಮಿತಿಗೊಳಿಸಲಾಯಿತು. ಉಳಿದ ಶೇಕಡ 70 ರೋಗಿಯದೇ.

ಉಚಿತವಾಗಿ ನೀಡಲು ಬೊಕ್ಕಸಕ್ಕೆ ಶಕ್ತಿಯಿಲ್ಲವೆಂದಾದರೆ ಕಂತು ಪಡೆದು ನೀಡಬಹುದಲ್ಲವೆ? ರಾಜಸ್ಥಾನ 2021ರಲ್ಲಿ ಇದನ್ನೇ ಮಾಡಿತು. ಚಿರಂಜೀವಿ ಯೋಜನೆಯಲ್ಲಿ ಬಡವರಲ್ಲದ ಕುಟುಂಬಗಳೂ ವರ್ಷಕ್ಕೆ 850 ರೂಪಾಯಿ ಕಟ್ಟಿ ಸೇರಲು ಅವಕಾಶ ಕಲ್ಪಿಸಲಾಯಿತು. 5 ಲಕ್ಷವಿದ್ದ ಮಿತಿಯನ್ನು ಮೊದಲು 10 ಲಕ್ಷಕ್ಕೆ, 2023ರಲ್ಲಿ 25 ಲಕ್ಷಕ್ಕೆ ಏರಿಸಲಾಯಿತು.

ಆದರೆ ಇಲ್ಲೊಂದು ಅಪಾಯವಿದೆ. ಉದಾಹರಣೆಗೆ, ಒಂದು ಪಟ್ಟಣದಲ್ಲಿ 1,000 ವರ್ತಕ ಕುಟುಂಬಗಳಿವೆ ಎಂದಿಟ್ಟುಕೊಳ್ಳೋಣ. ವರ್ಷದಲ್ಲಿ 20 ಕುಟುಂಬಗಳಿಗೆ ತಲಾ 1 ಲಕ್ಷ ರೂಪಾಯಿಯಂತೆ ಆಸ್ಪತ್ರೆ ವೆಚ್ಚ ಬಂದರೆ ಒಟ್ಟು 20 ಲಕ್ಷ. ಎಲ್ಲರೂ ಸೇರಿದ್ದರೆ ಪ್ರತಿ ಕುಟುಂಬದ ಪಾಲು 2,000 ರೂಪಾಯಿ. ಕಾಯಿಲೆಯ ಭಯವಿರುವ 200 ಕುಟುಂಬಗಳು ಮಾತ್ರ ಸೇರಿ, ಆ ಇಪ್ಪತ್ತೂ ಅವರಲ್ಲೇ ಇದ್ದರೆ ಪಾಲು 10,000 ರೂಪಾಯಿಗೆ ಏರುತ್ತದೆ. ಆಗ ಆರೋಗ್ಯವಂತರು ಮತ್ತಷ್ಟು ದೂರ ಸರಿಯುತ್ತಾರೆ, ಕಂತು ಮತ್ತಷ್ಟು ಏರುತ್ತದೆ. ಈ ಕೊರತೆಯನ್ನು ಬೊಕ್ಕಸ ತುಂಬಿಕೊಡದಿದ್ದರೆ ಆಸ್ಪತ್ರೆಗಳ ಬಿಲ್ಲು ಬಾಕಿ ಉಳಿಯುತ್ತದೆ. ಬಾಕಿ ಉಳಿದರೆ ಆಸ್ಪತ್ರೆಗಳು ರೋಗಿಗಳನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತವೆ. 2025ರ ಆಗಸ್ಟ್‌ನಲ್ಲಿ ಭಾರತೀಯ ವೈದ್ಯಕೀಯ ಸಂಘದ ಹರಿಯಾಣ ಶಾಖೆಯು ಬಾಕಿ ಪಾವತಿಯಾಗದ ಕಾರಣಕ್ಕಾಗಿಯೇ ಆಯುಷ್ಮಾನ್ ಸೇವೆ ನಿಲ್ಲಿಸುವುದಾಗಿ ಪ್ರಕಟಿಸಿತು.

ಹೊರದೇಶಗಳ ಎರಡು ಅನುಭವಗಳು

ಒಂದು ಪ್ರಾಂತ್ಯವು ತಾನಾಗಿಯೇ ಇಂಥ ಹೊಣೆ ಹೊತ್ತ ಉದಾಹರಣೆ ಕೆನಡಾದಲ್ಲಿದೆ. ಅಲ್ಲಿನ ಸಸ್ಕಾಚೆವಾನ್ ಪ್ರಾಂತ್ಯ 1947ರಲ್ಲಿ ಆಸ್ಪತ್ರೆ ವೆಚ್ಚಕ್ಕೆ, 1962ರಲ್ಲಿ ವೈದ್ಯರ ಶುಲ್ಕಕ್ಕೆ ಸಾರ್ವತ್ರಿಕ ವಿಮೆ ಜಾರಿಗೊಳಿಸಿತು. ವೈದ್ಯರು 23 ದಿನ ಮುಷ್ಕರ ಹೂಡಿದರೂ ಯೋಜನೆ ಉಳಿಯಿತು; 1966ರಲ್ಲಿ ಕೇಂದ್ರ ಸರ್ಕಾರವೇ ಶಾಸನ ಮಾಡಿ ವೆಚ್ಚದಲ್ಲಿ ಪಾಲು ನೀಡಿದ ಬಳಿಕ ಅದು ದೇಶಕ್ಕೆಲ್ಲ ಹಬ್ಬಿತು.

ಅಮೆರಿಕದ ವರ್ಮಾಂಟ್ ರಾಜ್ಯ 2011ರಲ್ಲಿ ಇಂಥದೇ ಶಾಸನವನ್ನು ಅಂಗೀಕರಿಸಿತು. ಆದರೆ ಹಣದ ಮೂಲವನ್ನು ಮೊದಲೇ ನಿರ್ಧರಿಸಿರಲಿಲ್ಲ. ಉದ್ಯಮಗಳ ವೇತನ ವೆಚ್ಚದ ಮೇಲೆ ಶೇಕಡ 11.5ರ ತೆರಿಗೆ ಬೇಕಾಗುವುದೆಂಬ ಲೆಕ್ಕ ಹೊರಬಿದ್ದಾಗ, 2014ರ ಡಿಸೆಂಬರ್‌ನಲ್ಲಿ ರಾಜ್ಯಪಾಲರೇ ಅದನ್ನು ಕೈಬಿಟ್ಟರು. ಹಣದ ಮೂಲವನ್ನು ಖಚಿತಪಡಿಸದೆ ಯೋಜನೆ ಪ್ರಕಟಿಸಬಾರದೆಂಬುದು ಇದರ ಪಾಠ.

ನಮ್ಮ ಹೊಣೆ

ಆದ್ದರಿಂದ ರಾಜ್ಯಗಳು ಆರೋಗ್ಯ ವಿಮೆ ನೀಡಬಲ್ಲವೆ ಎಂಬ ಪ್ರಶ್ನೆಗೆ ಉತ್ತರ ಹೌದು. ಆದರೆ ಸೇರುವವರು ಗುಂಪಾಗಿ ಸೇರಬೇಕು, ಕಂತು ವಾಸ್ತವ ವೆಚ್ಚಕ್ಕೆ ಅನುಗುಣವಾಗಿರಬೇಕು, ಆಸ್ಪತ್ರೆಗಳಿಗೆ ಕಾಲಮಿತಿಯೊಳಗೆ ಪಾವತಿಯಾಗಬೇಕು.

ಇವುಗಳಲ್ಲಿ ಮೊದಲನೆಯದು ನಮ್ಮ ಕೈಯಲ್ಲೇ ಇದೆ. ರೈತರಿಗೆ ಸಹಕಾರ ಸಂಘ ಮಾಡಿದ ಕೆಲಸವನ್ನು ವರ್ತಕರಿಗೆ ವಾಣಿಜ್ಯ ಮಂಡಳಿಗಳೂ ವರ್ತಕರ ಸಂಘಗಳೂ ಮಾಡಬಹುದು. ಸದಸ್ಯತ್ವ ಶುಲ್ಕದೊಡನೆಯೇ ಮಾಲೀಕರ ಮತ್ತು ಇಎಸ್‌ಐ ವ್ಯಾಪ್ತಿಗೆ ಬಾರದ ನೌಕರರ ಕಂತನ್ನು ಸಂಗ್ರಹಿಸಿ, ಎಲ್ಲ ಸದಸ್ಯರನ್ನೂ ಒಂದೇ ಗುಂಪಾಗಿ ಸರ್ಕಾರದ ಟ್ರಸ್ಟಿಗೆ ಸೇರಿಸಬಹುದು. ನೌಕರರ ಕಂತಿನಲ್ಲಿ ಮಾಲೀಕರು ಒಂದು ಪಾಲು ವಹಿಸುವುದು ನ್ಯಾಯವೂ ಹೌದು, ವ್ಯವಹಾರಕ್ಕೆ ಹಿತವೂ ಹೌದು. ಪ್ರತಿಯಾಗಿ ನಾವು ಸರ್ಕಾರವನ್ನು ಕೇಳಬೇಕಾದುದು ಮೂರು: ಈ ನಿಧಿಯ ಪ್ರತ್ಯೇಕ ಲೆಕ್ಕಪತ್ರ, ಅದರ ವಾರ್ಷಿಕ ಪ್ರಕಟಣೆ, ಆಸ್ಪತ್ರೆಗಳಿಗೆ ಪಾವತಿಯ ಗಡುವು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ವಿನಾಯಿತಿ ದೊರೆತಾಗ ಮಾಲೀಕರು ನೌಕರರಿಗಾಗಿ ಕೊಳ್ಳುವ ಗುಂಪು ವಿಮೆಗೆ ಅದು ಅನ್ವಯವಾಗಲಿಲ್ಲವೆಂಬುದನ್ನೂ ಸಂಬಂಧಪಟ್ಟವರ ಗಮನಕ್ಕೆ ತರಬೇಕು.

ಅಂಗಡಿಯ ಸರಕಿಗೆ ಬೆಂಕಿ ವಿಮೆ, ಸಾಗಿಸುವ ವಾಹನಕ್ಕೆ ಅಪಘಾತ ವಿಮೆ ಮಾಡಿಸುವ ವರ್ತಕರಿದ್ದಾರೆ. ಆ ಅಂಗಡಿಯನ್ನು ನಡೆಸುವವರಿಗೂ ಅಂಥದೊಂದು ಆಸರೆ ಇರಬೇಕು. ಮುಂದಿನ ಆಯವ್ಯಯ ಪೂರ್ವ ಸಮಾಲೋಚನೆಯಲ್ಲಿ ಈ ವಿಷಯವನ್ನು ಮಂಡಿಸುವ ಬಗ್ಗೆ ಸದಸ್ಯ ಬಾಂಧವರು ಚಿಂತಿಸಲೆಂದು ಆಶಿಸುತ್ತೇವೆ.