ಕರೆಯದೆ ಬರುವ ಗೈಡ್

ಮೊರಾಕೊದ ಫೆಸ್ ನಗರದಲ್ಲಿ ಪ್ರವಾಸಿಗರ ಬೆನ್ನು ಹತ್ತುವ ಬೀದಿ ಗೈಡ್‌ಗಳು ಹುಟ್ಟಿದ್ದು ಹೇಗೆ? ಅವರನ್ನು ನಿಭಾಯಿಸುವ ಬಗೆ ಯಾವುದು?

ಮೊರಾಕೊದ ಫೆಸ್ ನಗರಕ್ಕೆ ಹೋದವರು ಹಳೇ ಊರಿನೊಳಗೆ ಕಾಲಿಡುವುದು ಬಹುಮಟ್ಟಿಗೆ ಬಾಬ್ ಬೂ ಜೆಲೂದ್ ಎಂಬ ನೀಲಿ ಹೆಬ್ಬಾಗಿಲಿನಿಂದ. ಟ್ಯಾಕ್ಸಿ ಇಳಿದು ಬ್ಯಾಗು ಹೆಗಲಿಗೇರಿಸುವಷ್ಟರಲ್ಲಿ ಯಾರೋ ಒಬ್ಬ ಪಕ್ಕದಲ್ಲಿ ನಡೆಯತೊಡಗಿರುತ್ತಾನೆ. ಮುಖ ನೋಡಿದವನೇ ‘ಇಂಡಿಯಾ? ಶಾರುಕ್ ಖಾನ್! ಅಮಿತಾಭ್!’ ಎನ್ನುತ್ತಾನೆ. ಹಿಂದಿ ಸಿನಿಮಾಗಳನ್ನು ಮನಸಾರೆ ಮೆಚ್ಚಿದ ನಾಡು ಅದು. ಅಷ್ಟು ದೂರದಲ್ಲಿ ಆ ಹೆಸರುಗಳು ಕಿವಿಗೆ ಬಿದ್ದರೆ ಯಾರ ಮುಖವಾದರೂ ಅರಳುತ್ತದೆ. ಆ ನಗುವಿಗೇ ಕಾದಿದ್ದವನಂತೆ ಅವನು ‘ಎಲ್ಲಿಗೆ ಹೊರಟಿರಿ?’ ಎಂದು ಕೇಳುತ್ತಾನೆ. ತಂಗುವ ಮನೆಯ ಹೆಸರು ಹೇಳಿದರೆ ‘ಆ ದಾರಿ ಮುಚ್ಚಿದೆ, ಹೀಗೆ ಬನ್ನಿ’ ಎಂಬ ಉತ್ತರ ಬರುತ್ತದೆ. ಸುಮ್ಮನೆ ಸುತ್ತಾಡಲು ಬಂದೆವು ಎಂದರೆ ‘ಬೆಟ್ಟದ ಕಡೆಯ ಬರ್ಬರರ ಸಂತೆ ಇವತ್ತೊಂದೇ ದಿನ, ಸಂಜೆಗೆ ಮುಗಿಯುತ್ತದೆ’ ಎನ್ನುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ನೀವು ಯಾವುದೋ ಕಾರ್ಪೆಟ್ ಅಂಗಡಿಯಲ್ಲಿ ಪುದೀನಾ ಚಹಾದ ಲೋಟ ಹಿಡಿದು ಕೂತಿರುತ್ತೀರಿ. ಮುಂದೆ ಒಂದರ ಮೇಲೊಂದು ಕಾರ್ಪೆಟ್ ಬಿಚ್ಚಿ ಹಾಸುತ್ತಿರುತ್ತಾರೆ.

ಇಂಥವರಿಗೆ ಅಲ್ಲಿ ಫ್ರೆಂಚ್‌ನಲ್ಲಿ ‘ಫೋ ಗೀಡ್’ ಎನ್ನುತ್ತಾರೆ, ಎಂದರೆ ನಕಲಿ ಗೈಡ್. ಇವರ ಕೈಯಲ್ಲಿ ಸಿಕ್ಕಿ ಬಂದವರು ‘ಆ ದೇಶದ ಜನವೇ ಹಾಗೆ’ ಎಂದು ಬಿಡುವುದುಂಟು. ಆ ಮಾತು ತಪ್ಪು. ಬೀದಿ ಗೈಡ್‌ನ ಒತ್ತಾಯ ಯಾವ ಜನದ ಹುಟ್ಟುಗುಣವೂ ಅಲ್ಲ. ಅದಕ್ಕೆ ನೂರೈವತ್ತು ವರ್ಷಗಳ ಚರಿತ್ರೆಯಿದೆ. ಅದು ಗೊತ್ತಿದ್ದವರು ಅವನನ್ನು ಹೆದರದೆ, ಹೀಗಳೆಯದೆ ದಾಟಿ ಹೋಗಬಲ್ಲರು.

ರೇಷ್ಮೆ ಅಂಗಡಿಯ ಮುಂದೆ

ಗೈಡ್ ಪ್ರವಾಸಿಗರನ್ನು ಅಂಗಡಿಗೆ ಎಳೆದೊಯ್ಯುವ ರೂಢಿ ಆಫ್ರಿಕಾದಲ್ಲೋ ಏಷ್ಯಾದಲ್ಲೋ ಶುರುವಾಯಿತೆಂದು ಯಾರೂ ಭಾವಿಸಬೇಕಿಲ್ಲ. 1867ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ‘ಕ್ವೇಕರ್ ಸಿಟಿ’ ಎಂಬ ಹಡಗಿನಲ್ಲಿ ಯುರೋಪು ಮತ್ತು ಪಶ್ಚಿಮ ಏಷ್ಯಾ ಸುತ್ತಿದ. ಎರಡು ವರ್ಷಗಳ ನಂತರ ಬಂದ ಅವನ ‘ದಿ ಇನ್ನೊಸೆಂಟ್ಸ್ ಅಬ್ರಾಡ್’ ಪುಸ್ತಕದಲ್ಲಿ ಪ್ಯಾರಿಸ್‌ನ ಗೈಡ್ ಒಬ್ಬನ ಪ್ರಸಂಗವಿದೆ. ಟ್ವೇನ್ ಮತ್ತು ಗೆಳೆಯರು ಲೂವ್ರ್ ವಸ್ತುಸಂಗ್ರಹಾಲಯ ನೋಡಬೇಕೆಂದು ಹೊರಟರೆ ಗಾಡಿ ಮತ್ತೆ ಮತ್ತೆ ನಿಂತದ್ದು ರೇಷ್ಮೆ ಅಂಗಡಿಗಳ ಮುಂದೆ. ಫರ್ಗ್ಯುಸನ್ ಎಂದು ಅವರು ಆ ಗೈಡ್‌ಗೆ ಇಟ್ಟ ಹೆಸರು ಮುಂದೆ ದಾರಿಯಲ್ಲಿ ಸಿಕ್ಕ ಎಲ್ಲ ಗೈಡ್‌ಗಳಿಗೂ ಅಂಟಿಕೊಂಡಿತು. ಅಂಗಡಿಯಿಂದ ಕಮಿಷನ್ ಪಡೆದು ಬದುಕುವ ಪದ್ಧತಿ ಆ ಹೊತ್ತಿಗಾಗಲೇ ಯುರೋಪಿನ ನಡುವೆಯೇ ಗಟ್ಟಿಯಾಗಿ ಬೇರೂರಿತ್ತು.

ಅದಕ್ಕೂ ಮುಂಚೆ ಈಜಿಪ್ಟ್, ಸಿರಿಯಾ ಕಡೆ ಹೋಗುವ ಯುರೋಪಿಯನ್ನರು ದ್ರಗೋಮಾನ್ ಎಂಬ ದುಭಾಷಿಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಜೊತೆಗಿಟ್ಟುಕೊಳ್ಳುತ್ತಿದ್ದರು. ದೋಣಿ, ಕತ್ತೆ, ಡೇರೆ, ಅಡುಗೆಯವರು ಎಲ್ಲವನ್ನೂ ಹೊಂದಿಸುವುದು ಅವನ ಕೆಲಸ. ಕೂಲಿ ಎಷ್ಟು, ಊಟ ಯಾರದ್ದು ಎಂಬುದನ್ನೆಲ್ಲ ಬರೆದು ಒಪ್ಪಂದ ಮಾಡಿಕೊಳ್ಳುವ ರೂಢಿಯಿತ್ತು. ಮುಂದೆ ಬಂದ ಬೇಡೆಕರ್ ಪ್ರವಾಸಿ ಕೈಪಿಡಿಯಲ್ಲಿ ಅಂಥ ಒಪ್ಪಂದದ ಮಾದರಿಯನ್ನೇ ಅಚ್ಚು ಮಾಡಿದ್ದರು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಅದೇ ವರ್ಷ ಥಾಮಸ್ ಕುಕ್ ತನ್ನ ಮೊದಲ ಪ್ರವಾಸಿ ತಂಡವನ್ನು ಈಜಿಪ್ಟಿಗೆ ಕರೆತಂದ. ಹಡಗು, ಹೋಟೆಲು, ಊಟ ಎಲ್ಲಕ್ಕೂ ಮೊದಲೇ ಹಣ ಕಟ್ಟಿ ಕೂಪನ್ ಹಿಡಿದು ಬರುವ ಪ್ರವಾಸಿ ಹುಟ್ಟಿಕೊಂಡ. ದ್ರಗೋಮಾನನ ದೊಡ್ಡ ಕೆಲಸಗಳು ಕಂಪನಿಯ ಪಾಲಾದವು. ಬೀದಿಯಲ್ಲಿ ನಿಂತವನಿಗೆ ಉಳಿದದ್ದು ಒಂದೆರಡು ಗಂಟೆಯ ಊರು ತೋರಿಸುವ ಕೆಲಸ. ಕೂಲಿ ಕಡಿಮೆಯಾದಷ್ಟೂ ಭಕ್ಷೀಸಿನ ಮೇಲೆ, ಅಂಗಡಿಯ ಪಾಲಿನ ಮೇಲೆ ಅವನ ಅವಲಂಬನೆ ಹೆಚ್ಚಿತು.

ಎರಡಾದ ಊರು

ಫೆಸ್‌ಗೆ ಈ ಕಥೆ ಬಂದದ್ದು 1912ರ ನಂತರ. ಆ ವರ್ಷದ ಮಾರ್ಚ್ 30ರಂದು ಇದೇ ಊರಿನಲ್ಲಿ ಆದ ಒಪ್ಪಂದದಿಂದ ಮೊರಾಕೊದ ಬಹುಭಾಗ ಫ್ರಾನ್ಸಿನ ರಕ್ಷಿತ ರಾಜ್ಯವಾಯಿತು. ಮೊದಲ ರೆಸಿಡೆಂಟ್ ಜನರಲ್ ಆಗಿ ಬಂದ ಲ್ಯೋಟೆ ಹಳೇ ಊರುಗಳನ್ನು ಒಡೆಯದೆ ಹಾಗೇ ಉಳಿಸಿ, ಯುರೋಪಿಯನ್ನರಿಗೆಂದು ದೂರದಲ್ಲಿ ಹೊಸ ಊರು ಕಟ್ಟುವ ನೀತಿ ತಂದ. ವಾಸ್ತುಶಿಲ್ಪಿ ಆನ್ರಿ ಪ್ರೋಸ್ತ್ ಅದರ ನಕ್ಷೆ ಹಾಕಿದ. ಅಗಲ ರಸ್ತೆ, ಕೆಫೆ, ಬ್ಯಾಂಕು ಎಲ್ಲ ಹೊಸ ಊರಿನಲ್ಲಿ. ಒಂಬತ್ತನೇ ಶತಮಾನದಿಂದ ಬೆಳೆದು ಬಂದ ಓಣಿಗಳ ಜಾಲ ಹಳೇ ಊರಿನಲ್ಲಿ. ಮಸೀದಿಗಳೊಳಗೆ ಮುಸ್ಲಿಮೇತರರು ಹೋಗಬಾರದೆಂಬ ನಿಯಮವೂ ಲ್ಯೋಟೆಯ ಕಾಲದ್ದೇ. ಅದು ಇಂದಿಗೂ ಬಹುಮಟ್ಟಿಗೆ ನಡೆದು ಬಂದಿದೆ.

ಈಗ ಗೈಡ್‌ಗಳು ಕಾಯುವ ಆ ನೀಲಿ ಹೆಬ್ಬಾಗಿಲು ಕೂಡ ಫ್ರೆಂಚರು 1913ರಲ್ಲಿ ಕಟ್ಟಿಸಿದ್ದು. ಹೊರಮೈಗೆ ನೀಲಿ ಹೆಂಚು, ಒಳಮೈಗೆ ಹಸಿರು. ಪಕ್ಕದಲ್ಲೇ ಹಳೆಯ ಚಿಕ್ಕ ಬಾಗಿಲೂ ಇದೆ. ಹೊಸ ಊರಿನಲ್ಲಿ ತಂಗಿದವನು ಆ ಬಾಗಿಲು ದಾಟಿ ಹಳೇ ಊರಿಗೆ ‘ನೋಡಲು’ ಬರತೊಡಗಿದ. ಒಳಗೆ ಕಾರು ಹೋಗದು, ಬೋರ್ಡು ಓದಲು ಬಾರದು. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆ ಕಟ್ಟಿಸಿದಳೆಂದು ಹೇಳುವ ಅಲ್ ಕರವೀಯಿನ್ ಮಸೀದಿಯ ಅಂಗಳವನ್ನು ಬಾಗಿಲಾಚೆ ನಿಂತೇ ನೋಡಬೇಕು. ಎಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂಬುದನ್ನೂ ಇನ್ನೊಬ್ಬರೇ ತೋರಿಸಬೇಕು. ಹೀಗೆ ಊರು ಎರಡಾದಾಗ ನಡುವೆ ನಿಂತು ದಾಟಿಸುವವನು ಅನಿವಾರ್ಯನಾದ.

1956ರಲ್ಲಿ ಸ್ವಾತಂತ್ರ್ಯ ಬಂತು. ಫೆಸ್‌ನ ಅನುಕೂಲಸ್ಥ ಮನೆತನಗಳು ಹೊಸ ಊರಿಗೆ, ಕಸಬ್ಲಾಂಕಾಕ್ಕೆ, ರಬಾತ್‌ಗೆ ಹೊರಟವು. ಅವರು ಬಿಟ್ಟುಹೋದ ತೊಟ್ಟಿಮನೆಗಳಲ್ಲಿ ಹಳ್ಳಿಯಿಂದ ಬಂದ ಬಡ ಕುಟುಂಬಗಳು ಕೋಣೆಗೊಂದರಂತೆ ನೆಲೆಸಿದವು. 1965ರಿಂದ 67ರ ಮೂರು ವರ್ಷದ ಯೋಜನೆಯಲ್ಲಿ ಸರ್ಕಾರ ಪ್ರವಾಸೋದ್ಯಮಕ್ಕೆ ಆದ್ಯತೆ ಕೊಟ್ಟಿತು. ಅದರ ಬೆನ್ನಿಗೇ ಸ್ಪೇನಿನಿಂದ ಹಡಗಿನಲ್ಲಿ ಟ್ಯಾಂಜಿಯರ್‌ಗೆ ಬಂದಿಳಿಯುವ, ಬೆನ್ನಿಗೆ ಚೀಲ ಹಾಕಿದ ಪಾಶ್ಚಾತ್ಯ ಯುವಕರ ಸಾಲು ಶುರುವಾಯಿತು. ಕೈಯಲ್ಲಿ ಮುಂಗಡ ಬುಕಿಂಗ್ ಇಲ್ಲದ, ಏಜೆನ್ಸಿಯ ನೆರಳಿಲ್ಲದ ಈ ಹೊಸ ಪ್ರವಾಸಿಗೆ ದಾರಿ ತೋರಿಸಲು ಓಣಿಯ ಹುಡುಗರು ಮುಂದೆ ಬಂದರು. ಫ್ರೆಂಚ್, ಸ್ಪ್ಯಾನಿಷ್, ಇಂಗ್ಲಿಷ್, ಜರ್ಮನ್‌ಗಳನ್ನು ಅವರು ಬೀದಿಯಲ್ಲೇ ಕಲಿತರು. 1981ರಲ್ಲಿ ಫೆಸ್‌ನ ಹಳೇ ಊರು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದಾದ ಎರಡೇ ವರ್ಷಕ್ಕೆ, 1983ರಲ್ಲಿ, ಸಾಲದ ಹೊರೆ ತಾಳಲಾರದೆ ಸರ್ಕಾರ ಐಎಂಎಫ್ ಹೇಳಿದಂತೆ ಖರ್ಚು ಬಿಗಿಹಿಡಿಯಿತು. ಓದಿದವರಿಗೂ ಸರ್ಕಾರಿ ಕೆಲಸ ಸಿಗುವುದು ಕಷ್ಟವಾಯಿತು. ನಾಲ್ಕು ಭಾಷೆ ಬಲ್ಲ, ಕೆಲಸವಿಲ್ಲದ ಯುವಕರು ಒಂದು ಕಡೆ, ದಾರಿ ತಿಳಿಯದ ಪ್ರವಾಸಿಗರು ಇನ್ನೊಂದು ಕಡೆ. ನಕಲಿ ಗೈಡ್ ಬೆಳೆದದ್ದು ಈ ಎರಡರ ನಡುವೆ.

ಹತ್ತು ಹೆಜ್ಜೆ ಮುಂದೆ

ದೂರುಗಳು ಹೆಚ್ಚಿದಾಗ ಸರ್ಕಾರ ಮೊದಲು ಹಿಡಿದದ್ದು ಲಾಠಿಯನ್ನು. 1990ರ ದಶಕದಲ್ಲಿ ಪ್ರವಾಸಿ ಪೊಲೀಸ್ ದಳ ಬಂತು. ಮಫ್ತಿಯಲ್ಲಿ ಓಣಿ ಸುತ್ತುವ ಪೊಲೀಸರು ಲೈಸೆನ್ಸ್ ಇಲ್ಲದೆ ಊರು ತೋರಿಸುವವರನ್ನು ಹಿಡಿಯತೊಡಗಿದರು. ಗೈಡ್ ವೃತ್ತಿಗೆ ಕಾನೂನಿನ ಚೌಕಟ್ಟು ಬಂತು. 2012ರ ಹೊಸ ಕಾನೂನು ನಗರಗಳ ಗೈಡ್, ಬೆಟ್ಟ ಮತ್ತು ಮರುಭೂಮಿಯಂಥ ನಿಸರ್ಗ ತಾಣಗಳ ಗೈಡ್ ಎಂದು ಎರಡು ವರ್ಗ ಮಾಡಿತು. ಪರಿಣಾಮ ಕಣ್ಣಿಗೆ ಕಾಣುವಷ್ಟಿದೆ. ಮೂವತ್ತು ವರ್ಷದ ಹಿಂದಿನ ಕಾಟ ಈಗ ಫೆಸ್‌ನಲ್ಲಾಗಲಿ ಮರಾಕೇಶ್‌ನಲ್ಲಾಗಲಿ ಇಲ್ಲ.

ಆದರೆ ಲಾಠಿಯಿಂದ ಕಸುಬು ನಿಲ್ಲಲಿಲ್ಲ, ಅದರ ನಡಿಗೆ ಬದಲಾಯಿತು. ಪೊಲೀಸರ ಕಣ್ಣಿಗೆ ಬೀಳಬಾರದೆಂದು ಹುಡುಗ ಪ್ರವಾಸಿಯ ಪಕ್ಕದಲ್ಲಿ ನಡೆಯುವುದನ್ನು ಬಿಟ್ಟ. ಹತ್ತು ಹೆಜ್ಜೆ ಮುಂದೆ ಹೋಗುತ್ತಾನೆ, ತನಗೂ ನಿಮಗೂ ಸಂಬಂಧವೇ ಇಲ್ಲವೆಂಬಂತೆ. ತಿರುವಿನಲ್ಲಿ ಗೋಡೆಗೊರಗಿ ಮೊಬೈಲ್ ನೋಡುತ್ತಾ ನಿಲ್ಲುತ್ತಾನೆ. ನೀವು ಸಮೀಪಿಸಿದ ಕೂಡಲೇ ಬೆನ್ನ ಹಿಂದೆ ಕೈಬೆರಳು ಆಡಿಸಿ ‘ಹೀಗೆ’ ಎಂದು ತೋರಿಸಿ ಮತ್ತೆ ಹೊರಡುತ್ತಾನೆ. ಕೂಲಿ ಮಾತಾಡಲು, ಬೇಡವೆನ್ನಲು ಅಲ್ಲಿ ಅವಕಾಶವೇ ಇರುವುದಿಲ್ಲ.

ಅವನು ಕರೆದೊಯ್ಯುವುದು ಹೆಚ್ಚಾಗಿ ಶುವಾರಾ ಎಂಬಲ್ಲಿಗೆ. ಶತಮಾನಗಳಿಂದ ಚರ್ಮ ಹದ ಮಾಡುತ್ತಿರುವ ಜಾಗ ಅದು. ಸುಣ್ಣ ಮತ್ತು ಪಾರಿವಾಳದ ಹಿಕ್ಕೆ ಕಲಸಿದ ಬಿಳಿ ಹೊಂಡಗಳು, ಬಣ್ಣ ತುಂಬಿದ ಹೊಂಡಗಳು, ಅವುಗಳಲ್ಲಿ ತೊಡೆಮಟ್ಟ ಇಳಿದು ಚರ್ಮ ತುಳಿಯುವ ಕೆಲಸಗಾರರು. ಚೆನ್ನಾಗಿ ಕಾಣುವುದು ಸುತ್ತಲಿನ ಚರ್ಮದ ಅಂಗಡಿಗಳ ಮಹಡಿಯಿಂದ. ಮೆಟ್ಟಿಲ ಬುಡದಲ್ಲಿ ನಾತಕ್ಕೆ ಮೂಗಿಗೆ ಹಿಡಿಯಲು ಒಂದು ಹಿಡಿ ಪುದೀನಾ ಕೊಡುತ್ತಾರೆ. ನೋಡಿ ಇಳಿಯುವ ದಾರಿ ಜಾಕೆಟ್ಟು, ಚಪ್ಪಲಿ, ಕೈಚೀಲಗಳ ಸಾಲಿನ ನಡುವೆಯೇ ಹಾದು ಬರುತ್ತದೆ. ನೀವು ಕೊಂಡರೆ ಹುಡುಗನ ಪಾಲು ಆ ಬೆಲೆಯಲ್ಲೇ ಸೇರಿರುತ್ತದೆ. ಕೊಳ್ಳದಿದ್ದರೆ ಅವನ ಆ ಹೊತ್ತಿನ ದುಡಿಮೆ ಸೊನ್ನೆ. ಹೊರಗೆ ಬಂದ ಮೇಲೆ ಅವನ ದನಿ ಒರಟಾಗುವುದು, ಕೊಟ್ಟ ದುಡ್ಡು ಸಾಲದೆನ್ನುವುದು ಇದೇ ಕಾರಣಕ್ಕೆ. ಚೌಕಾಸಿ ಮಾಡಿ ಗೆದ್ದೆವೆಂದು ಬೀಗುವ ಪ್ರವಾಸಿಯೂ ಕಮಿಷನ್ ಕಟ್ಟಿಯೇ ಬಂದಿರುತ್ತಾನೆ.

ಇತ್ತೀಚಿನ ವರ್ಷಗಳಲ್ಲಿ ಅಲ್ಲಿನ ಸರ್ಕಾರ ಇನ್ನೊಂದು ಒಳ್ಳೆಯ ಹೆಜ್ಜೆ ಇಟ್ಟಿದೆ. ಓದಿನ ಸರ್ಟಿಫಿಕೇಟು ಇಲ್ಲದೆಯೂ ವರ್ಷಗಟ್ಟಲೆ ಊರು ತೋರಿಸಿ ಅನುಭವ ಪಡೆದವರಿಗೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯುವ ದಾರಿ ತೆರೆದಿದೆ. ಮೂವತ್ತು ವರ್ಷ ಹಿಡಿದು ಜೈಲಿಗೆ ಹಾಕಿದ್ದಕ್ಕಿಂತ ಈ ಕ್ರಮ ಸಮಸ್ಯೆಯ ಬುಡಕ್ಕೆ ಹತ್ತಿರವಾಗಿದೆ. ಅಗತ್ಯವೂ ದೊಡ್ಡದಿದೆ: ವಿದೇಶದಲ್ಲಿ ನೆಲೆಸಿ ತವರಿಗೆ ಬಂದು ಹೋಗುವ ಮೊರಾಕೊದವರನ್ನೂ ಸೇರಿಸಿ 2024ರಲ್ಲಿ ಆ ದೇಶಕ್ಕೆ ಬಂದವರು 1 ಕೋಟಿ 74 ಲಕ್ಷ.

ಭಾರತೀಯರಿಗೆ ಈ ಚಿತ್ರ ಹೊಸದಲ್ಲ. ಆಗ್ರಾ, ಜೈಪುರಗಳಲ್ಲಿ ಆಟೊದಿಂದ ಇಳಿಯುವ ಮುಂಚೆಯೇ ಮುತ್ತುವವರಿಗೆ ‘ಲಪ್ಕಾ’ ಎಂಬ ಹೆಸರೇ ಇದೆ. ಅವರನ್ನು ಹತೋಟಿಗೆ ತರಲು ರಾಜಸ್ಥಾನ 2010ರಲ್ಲಿ ಕಾನೂನು ಮಾಡಿತು. ಅಲ್ಲೂ ಬೇರು ಅದೇ: ಅಮೃತಶಿಲೆ, ರತ್ನ, ಕಾರ್ಪೆಟ್ ಅಂಗಡಿಗಳು ಕೊಡುವ ಕಮಿಷನ್.

ಹಾಗಾದರೆ ಏನು ಮಾಡಬೇಕು?

ಮೊದಲ ಅರ್ಧ ನಿಮಿಷ ಮುಖ್ಯ. ನಿಲ್ಲಬೇಡಿ, ಎಲ್ಲಿಗೆಂದು ಹೇಳಬೇಡಿ. ಬಲಗೈಯನ್ನು ಎದೆಯ ಮೇಲಿಟ್ಟು, ನಗುಮುಖದಿಂದ ‘ಲಾ, ಶುಕ್ರನ್’ ಎಂದು ನಡೆಯುತ್ತಲೇ ಇರಿ. ಬೇಡ, ವಂದನೆ ಎಂದರ್ಥ. ಅಲ್ಲಿನವರು ಮರ್ಯಾದೆಯಿಂದ ನಿರಾಕರಿಸುವುದೂ ಹೀಗೆಯೇ. ಕಂಡೂ ಕಾಣದಂತೆ ಹೋದರೆ ಅವಮಾನವೆನಿಸಿ ಜಗಳಕ್ಕೆ ತಿರುಗಬಹುದು. ವಿವರಣೆ ಕೊಡುತ್ತಾ ನಿಂತರೆ ಮಾತು ಮುಗಿಯುವುದಿಲ್ಲ.

ದಾರಿ ಮುಚ್ಚಿದೆ ಎಂದರೆ ನೀವೇ ಹೋಗಿ ನೋಡಿ. ಫೆಸ್‌ನಲ್ಲಿ ಓಣಿಗಳು ಒಂಬತ್ತು ಸಾವಿರಕ್ಕೂ ಹೆಚ್ಚೆಂದು ಹೇಳುತ್ತಾರೆ, ಆದರೂ ದಿಕ್ಕು ಹಿಡಿಯುವುದು ಕಷ್ಟವಲ್ಲ. ನೀಲಿ ಬಾಗಿಲಿನಿಂದ ತಾಲಾ ಕಬೀರಾ, ತಾಲಾ ಸಗೀರಾ ಎಂಬ ಎರಡು ಮುಖ್ಯ ಬೀದಿಗಳು ಇಳಿಜಾರಾಗಿ ಅಲ್ ಕರವೀಯಿನ್ ಕಡೆಗೆ ಹೋಗುತ್ತವೆ. ಇಳಿದರೆ ಮಸೀದಿ, ಏರಿದರೆ ಬಾಗಿಲು ಎಂಬುದಿಷ್ಟು ನೆನಪಿದ್ದರೆ ಸಾಕು. ಓಣಿ ಕಿರಿದಾದಲ್ಲಿ ಫೋನಿನ ಮ್ಯಾಪ್ ತಪ್ಪಿದರೂ ಇಳಿಜಾರು ತಪ್ಪುವುದಿಲ್ಲ.

ದಾರಿ ಕೇಳಲೇಬೇಕಾದರೆ ತಾನಾಗಿ ಬಂದವನನ್ನು ಬಿಟ್ಟು, ಅಂಗಡಿಯೊಳಗೆ ಕೂತು ವ್ಯಾಪಾರ ಮಾಡುತ್ತಿರುವವರನ್ನು, ಮನೆಗೆ ತರಕಾರಿ ಒಯ್ಯುತ್ತಿರುವ ಹೆಂಗಸರನ್ನು ಕೇಳಿ. ಒಂಟಿಯಾಗಿ ಹೋದ ಮಹಿಳೆಯರನ್ನು ಯಾರಾದರೂ ಬಿಡದೆ ಹಿಂಬಾಲಿಸಿದರೆ ಜನವಿರುವ ಅಂಗಡಿಯೊಳಗೆ ಹೋಗಿ ವಿಷಯ ಹೇಳುವುದು ಒಳ್ಳೆಯದು. ಬೀದಿಯವರೇ ಅವನನ್ನು ಗದರಿಸಿ ಕಳಿಸುತ್ತಾರೆ. ಬೆದರಿಕೆಯವರೆಗೆ ಹೋದರೆ ಪೊಲೀಸ್ ಸಂಖ್ಯೆ 19. ಆದರೆ ಪೊಲೀಸರ ಹೆಸರನ್ನು ಸಣ್ಣ ಕಿರಿಕಿರಿಗೆಲ್ಲ ಎತ್ತಬೇಡಿ. ಎತ್ತಿದರೆ ಒಬ್ಬ ಬಡ ಹುಡುಗ ಜೈಲು ಸೇರಬಹುದು. ಯಾರಾದರೂ ನಿಜಕ್ಕೂ ದಾರಿ ತೋರಿಸಿದ್ದರೆ ಅಷ್ಟಕ್ಕೆ ತಕ್ಕ ಚಿಲ್ಲರೆ ಕೊಟ್ಟು ಹೊರಡಿ. ಅದಕ್ಕೆಂದೇ ಹತ್ತಿಪ್ಪತ್ತು ದಿರ್ಹಮ್ ಬೇರೆ ಜೇಬಿನಲ್ಲಿರಲಿ, ದೊಡ್ಡ ನೋಟು ಹೊರಗೆ ಬಾರದಿರಲಿ. ಶಾಲೆಯ ವೇಳೆಯಲ್ಲಿ ಬರುವ ಮಕ್ಕಳಿಗೆ ಮಾತ್ರ ದುಡ್ಡು ಕೊಡಬೇಡಿ. ಕೊಟ್ಟಷ್ಟೂ ಅವರು ಶಾಲೆಯಿಂದ ದೂರವಾಗುತ್ತಾರೆ.

ಎಲ್ಲಕ್ಕಿಂತ ದೊಡ್ಡ ಉಪಾಯ, ಮೊದಲ ದಿನವೇ ಲೈಸೆನ್ಸ್ ಇರುವ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳುವುದು. ಗುರುತಿನ ಕಾರ್ಡು ನೋಡಿ. ಎಷ್ಟು ಗಂಟೆ, ಯಾವ ಭಾಷೆ, ಎಷ್ಟು ದುಡ್ಡು ಎಂಬುದನ್ನು ಹೊರಡುವ ಮುಂಚೆಯೇ ಮಾತಾಡಿ. ಲೈಸೆನ್ಸ್ ಇದ್ದವರಲ್ಲೂ ಕಮಿಷನ್ ಆಸೆಯವರು ಇರುತ್ತಾರೆ. ಆದ್ದರಿಂದ ‘ಅಂಗಡಿ ಬೇಡ, ಊರು ತೋರಿಸಿ’ ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿ, ಅದರಿಂದ ಅವರಿಗಾಗುವ ನಷ್ಟ ತುಂಬುವಷ್ಟು ಕೂಲಿಯನ್ನೂ ಕೊಡಿ. ಬೇಲೂರಿನಲ್ಲಿ ಮದನಿಕೆಯರ ಕೆಳಗೆ ನಿಂತು ಒಳ್ಳೆಯ ಗೈಡ್ ಮಾತು ಕೇಳಿದ ಕನ್ನಡಿಗರಿಗೆ, ಬಲ್ಲವರು ತೋರಿಸಿದರೆ ಕಲ್ಲು ಎಷ್ಟು ಮಾತಾಡುತ್ತದೆ ಎಂಬುದು ಗೊತ್ತು. ಫೆಸ್‌ನ ಬೂ ಇನಾನಿಯಾ ಮದರಸಾದ ಮರದ ಕೆತ್ತನೆಯೂ ಅಷ್ಟೇ ಮಾತಾಡುತ್ತದೆ.

ಪ್ರವಾಸಿಗರು ಅಂಗಡಿಗೆ ಕೊಡುವ ದುಡ್ಡನ್ನು ನೇರವಾಗಿ ಗೈಡ್‌ನ ಕೈಗೆ ಕೊಡುವುದನ್ನು ಕಲಿತ ದಿನ ಬೀದಿಯ ಒತ್ತಾಯ ತಾನಾಗಿ ಇಳಿಯುತ್ತದೆ. ಮುಂದಿನ ಸಲ ಪರದೇಶಕ್ಕೆ ಹೊರಡುವಾಗ ಹೋಟೆಲು, ಟಿಕೆಟ್ಟಿನ ಲೆಕ್ಕದ ಜೊತೆಗೆ ಒಬ್ಬ ಒಳ್ಳೆಯ ಗೈಡ್‌ನ ಕೂಲಿಯನ್ನೂ ಬರೆದಿಟ್ಟುಕೊಳ್ಳಿ. ಕೇಳದೆ ಬಂದ ಸೇವೆಯನ್ನು ನಗುತ್ತಲೇ ಬೇಡವೆನ್ನಿ. ಕೇಳಿ ಪಡೆದ ಸೇವೆಗೆ ಕೈತುಂಬ ಕೊಡಿ.