ಭಕ್ಷಕನೇ ವರ್ಣರಕ್ಷಕ

ಗುಲ್ವಾಡಿಯ ಹಿತ್ತಿಲುಗಳಲ್ಲಿ ಕರಿಬೇವಿನ ಗಿಡವು ಒಗ್ಗರಣೆಗೆ ಎಲೆಯನ್ನು ಕೊಡುವುದಷ್ಟೇ ಅಲ್ಲದೆ, ಒಂದು ಚಿಟ್ಟೆಗೆ ತೊಟ್ಟಿಲೂ ಆಗಿರುವುದು. ಹಕ್ಕಿಯ ಹಿಕ್ಕೆಯಂತೆ ಎಲೆಗಂಟಿಕೊಂಡಿರುವ ಇದರ ಎಳೆಯ ಹುಳುವು ಬೆಳೆದ ಮೇಲೆ ಎಲೆಯ ಹಸುರನ್ನೇ ತಾಳುವುದು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಗೊಂಬನ್ನು ಚಾಚಿ ಘಾಟನ್ನು ಬೀರುವುದು. ಕಂಡೊಡನೆ ಇದನ್ನು ಹೊಸಕಿಹಾಕುವವರೇ ಹೆಚ್ಚು. ಅದಕ್ಕೆ ಮುಂಚೆ ಇದರ ವೃತ್ತಾಂತವನ್ನು ಕೇಳಬೇಕೆಂದು ವಾಚಕರಲ್ಲಿ ಅರಿಕೆ.

ಇಂಗ್ಲಿಷರು ‘ಕಾಮನ್ ಮಾರ್ಮನ್’ ಎಂದು ಕರೆದ ಈ ಚಿಟ್ಟೆಯ ಗಂಡಿಗೆ ಒಂದೇ ರೂಪ: ಕಪ್ಪು ರೆಕ್ಕೆ, ಹಿಂದಿನ ರೆಕ್ಕೆಯ ನಡುವೆ ಬಿಳಿಯ ಚುಕ್ಕೆಗಳ ಸಾಲು. ಹೆಣ್ಣಿಗಾದರೋ ನಮ್ಮಲ್ಲಿ ಮೂರು ರೂಪಗಳುಂಟು. ಒಂದು, ಗಂಡಿನಂತೆಯೇ ಇರುವುದು. ಇನ್ನೊಂದರ ಹಿಂದಿನ ರೆಕ್ಕೆಯಲ್ಲಿ ಬಿಳಿಯ ಮಚ್ಚೆಗಳೂ ಅಂಚಿನಲ್ಲಿ ಕೆಂಪು ಬೊಟ್ಟುಗಳೂ ಇರುವುವು. ಮೂರನೆಯದರ ಮುಂದಿನ ರೆಕ್ಕೆಯಲ್ಲಿ ಬಿಳಿಯ ಪಟ್ಟೆಗಳು, ಹಿಂದಿನದರಲ್ಲಿ ಕೆಂಪು ಮಚ್ಚೆಗಳು. ಇವು ಬೇರೆ ಬೇರೆ ಜಾತಿಗಳೆಂದೇ ಮೊದಲು ಎಣಿಸಿದ್ದರು. ಇವೆಲ್ಲ ಒಂದೇ ಜಾತಿಯ ಹೆಣ್ಣುಗಳೆಂದೂ, ಇದು ಅನುಕರಣವೆಂದೂ 1865ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಆಲ್‌ಫ್ರೆಡ್ ರಸೆಲ್ ವಾಲೇಸನು ವಿವರಿಸಿದನು.

ಅನುಕರಣವು ಯಾರದು? ಬೇಲಿಯ ಮೇಲೆ ಹಬ್ಬುವ ಈಶ್ವರೀ ಬಳ್ಳಿಯನ್ನು ತಿಂದು ಬೆಳೆಯುವ ಎರಡು ಚಿಟ್ಟೆಗಳುಂಟು. ಇಂಗ್ಲಿಷಿನಲ್ಲಿ ಇವು ‘ಕಾಮನ್ ರೋಸ್’ ಮತ್ತು ‘ಕ್ರಿಮ್ಸನ್ ರೋಸ್’. ಬಳ್ಳಿಯ ವಿಷವು ಹುಳುವಿನ ಮೂಲಕ ಚಿಟ್ಟೆಯ ಮೈಗೂ ಸೇರುವುದು. ಒಮ್ಮೆ ಬಾಯಿಟ್ಟು ಹೇಸಿದ ಹಕ್ಕಿಯು ಆ ಬಣ್ಣವನ್ನು ನೆನಪಿನಲ್ಲಿಟ್ಟು, ಮುಂದೆ ಅದನ್ನು ಬಿಟ್ಟುಬಿಡುವುದು. ಮಾರ್ಮನ್ನಿನ ಹೆಣ್ಣುಗಳಲ್ಲಿ ಎರಡು ರೂಪಗಳು ಈ ವಿಷಚಿಟ್ಟೆಗಳ ಬಣ್ಣವನ್ನೇ ಧರಿಸಿರುವುವು. ಆದರೆ ವಿಷಚಿಟ್ಟೆಯ ಒಡಲು ಕೆಂಪು, ವೇಷಧಾರಿಯ ಒಡಲು ಕಪ್ಪು. ಹಿತ್ತಿಲಿನಲ್ಲಿ ನಿಂತು ಯಾರಾದರೂ ಈ ಭೇದವನ್ನು ಗುರುತಿಸಬಹುದು.

ಹಾಗಿದ್ದರೆ ಹೆಣ್ಣುಗಳೆಲ್ಲವೂ ವೇಷವನ್ನೇ ಏಕೆ ತಾಳಲಿಲ್ಲ? ಇಲ್ಲಿಯೇ ಹಕ್ಕಿಯ ಪಾತ್ರವಿರುವುದು. ಯಕ್ಷಗಾನದ ರಂಗಸ್ಥಳಕ್ಕೆ ಇರುಳಿಡೀ ಬಣ್ಣದ ವೇಷಗಳೇ ಬರುತ್ತಿದ್ದರೆ ಮಕ್ಕಳೂ ಹೆದರುವುದನ್ನು ಬಿಡುವರು. ವೇಷಧಾರಿಗಳು ವಿರಳವಾಗಿದ್ದು ವಿಷಚಿಟ್ಟೆಗಳು ಹೆಚ್ಚಾಗಿದ್ದರೆ ಹಕ್ಕಿಗೆ ದೊರೆಯುವ ಪಾಠ ಕಹಿ. ಆಗ ವೇಷಕ್ಕೆ ರಕ್ಷೆಯುಂಟು. ವೇಷಧಾರಿಗಳೇ ಹೆಚ್ಚಿದರೆ ಆ ಬಣ್ಣದಲ್ಲಿ ರುಚಿಯ ತುತ್ತೇ ಪದೇ ಪದೇ ದೊರೆತು, ಹಕ್ಕಿಯ ಅಂಜಿಕೆ ಅಳಿಯುವುದು; ವೇಷದ ಲಾಭ ಕುಗ್ಗುವುದು. ಹೀಗೆ ಯಾವ ವೇಷವು ಮಿತಿಮೀರುವುದೋ ಅದನ್ನು ಹಕ್ಕಿಯು ತಗ್ಗಿಸಿ, ವಿರಳವಾದುದಕ್ಕೆ ಎಡೆಮಾಡಿಕೊಡುವುದು. ಬಣ್ಣಗಳು ಉಳಿಯುವುದಕ್ಕೆ ಇದೊಂದೇ ಕಾರಣವಲ್ಲವಾದರೂ ಮುಖ್ಯವಾದ ಕಾರಣವಹುದು.

ಚಿಟ್ಟೆಯು ತನ್ನ ವೇಷವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಅದು ಹುಟ್ಟಿನಿಂದ ಬರುವುದು. ಕೀಟಗಳಲ್ಲಿ ಗಂಡುಹೆಣ್ಣುಗಳ ಲಕ್ಷಣವನ್ನು ನಿಯಮಿಸುವ ‘ಡಬಲ್‌ಸೆಕ್ಸ್’ ಎಂಬ ಜೀನೇ ಇಲ್ಲಿ ವೇಷವನ್ನೂ ನಿರ್ಣಯಿಸುವುದೆಂದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆ ಮತ್ತು ಅವರ ಸಹೋದ್ಯೋಗಿಗಳು 2014ರಲ್ಲಿ ತೋರಿಸಿದರು. ಆರಿಸುವ ಕೆಲಸವೇನಿದ್ದರೂ ಕಾಜಾಣ, ಕಳ್ಳಿಪೀರಗಳಂಥ ಹಕ್ಕಿಗಳದು.

ಈ ತಕ್ಕಡಿಯು ತೂಗುವುದಕ್ಕೆ ಪ್ರತ್ಯಕ್ಷ ನಿದರ್ಶನವೂ ಉಂಟು. ಜಪಾನಿಗೆ ಸೇರಿದ ಮಿಯಾಕೋ ದ್ವೀಪದಲ್ಲಿ ಇದೇ ಮಾರ್ಮನ್ ಚಿಟ್ಟೆಯುಂಟು. ಕಾಮನ್ ರೋಸ್ ಮಾತ್ರ ಮೊದಲು ಇರಲಿಲ್ಲ. ಕಳೆದ ಶತಮಾನದ ಉತ್ತರಾರ್ಧದಲ್ಲಿ ಅದು ಬಂದು ನೆಲೆಸಿದ ಮೇಲೆ, ಅದರ ವೇಷವನ್ನು ತಾಳಿದ ಮಾರ್ಮನ್ ಹೆಣ್ಣುಗಳ ಪ್ರಮಾಣವೂ ಏರಿತು. ಮೂಲವಿದ್ದಲ್ಲಿಯೇ ಅನುಕರಣಕ್ಕೆ ಬೆಲೆ.

ಇದರಿಂದ ನಾವು ತಿಳಿಯತಕ್ಕದ್ದೇನು? ಕೊಲ್ಲುವವನು ಕೇವಲ ನಾಶಕನೆಂದು ಭಾವಿಸುವುದು ಅವಿಚಾರ. ಬೇಲಿಯ ಈಶ್ವರೀ ಬಳ್ಳಿಯನ್ನು ಕಳೆಯೆಂದು ಕಿತ್ತರೆ ವಿಷಚಿಟ್ಟೆಗೆ ಆಹಾರವಿಲ್ಲ; ವಿಷಚಿಟ್ಟೆಯಿಲ್ಲದಿದ್ದರೆ ವೇಷಕ್ಕೆ ಅರ್ಥವಿಲ್ಲ. ಗಿಡಕ್ಕೆ ಕೀಟನಾಶಕವನ್ನು ಎರಚಿದರೆ ಚಿಟ್ಟೆಯೂ ಇಲ್ಲ, ಅದನ್ನು ನಂಬಿದ ಹಕ್ಕಿಯೂ ಇಲ್ಲ. ಬೆಳೆದ ಕರಿಬೇವಿನ ಗಿಡವು ಹತ್ತೆಂಟು ಹುಳುಗಳಿಂದ ಸಾಯುವುದಿಲ್ಲ. ಎರಡು ಕೊಂಬೆಗಳನ್ನು ಅವುಗಳಿಗೆ ಬಿಟ್ಟರೆ ಸಾರಿನ ಒಗ್ಗರಣೆಗೆ ಕೊರತೆಯಾಗದು; ಮನೆಯ ಮಕ್ಕಳಿಗೆ ಮೂರು ಬಣ್ಣದ ಚಿಟ್ಟೆಗಳನ್ನು ನೋಡುವ ಭಾಗ್ಯವೂ ಉಳಿಯುವುದು.