ಎಡ ಮೊಣಕಾಲ ಬಳಿಯ ಮಿಕ್ಸರ್

ಸೊಲ್ಲಾಪುರ ಬಿಟ್ಟು ಅಕ್ಕಲಕೋಟದ ದಾರಿ ಹಿಡಿದರೆ ಎರೆಹೊಲವೂ ಜತೆಗೇ ಬರುತ್ತದೆ. ಊರ ಹೆಸರಿನ ಬೋರ್ಡು ಮರಾಠಿಯಲ್ಲಿ, ಅದರ ಕೆಳಗೆ ಕೂತವರ ಹರಟೆ ಕನ್ನಡದಲ್ಲಿ. ಸ್ವಾಮಿ ಸಮರ್ಥರ ವಟವೃಕ್ಷ ಗುಡಿಯ ಗದ್ದಲ ದಾಟಿ, ಹೊತ್ತು ಮುಳುಗುವಾಗ ತಾಲೂಕಿನ ಒಂದು ಹಳ್ಳಿಯಲ್ಲಿ ಇಳಿಯೋಣ ಬನ್ನಿ. ಬಸವಣ್ಣನ ಗುಡಿಯ ಮುಂದೆ ತಗಡಿನ ಚಪ್ಪರ, ಕೆಳಗೆ ಜಮಖಾನೆ. ಊದಿನಕಡ್ಡಿಯ ಹೊಗೆಯ ನಡುವೆ ಯಾರದೋ ಮನೆಯಿಂದ ಶೇಂಗಾ ಹುರಿಯುವ ವಾಸನೆ ತೇಲಿ ಬರುತ್ತಿದೆ. ತಬಲಾದವನು ಸಣ್ಣ ಸುತ್ತಿಗೆ ಹಿಡಿದು ಶ್ರುತಿ ಕೂಡಿಸುತ್ತಿದ್ದಾನೆ. ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರರು ಮಾತ್ರ ಇನ್ನೂ ಕೂತಿಲ್ಲ.

ಭಜನಾ ಮೇಳದಲ್ಲಿ ಹಾಡುವವರೂ ಅವರೇ, ಪೇಟಿ ನುಡಿಸುವವರೂ ಅವರೇ, ಮೈಕಿನ ಮಷೀನು ನೋಡಿಕೊಳ್ಳುವವರೂ ಅವರೇ. ಬೇರೆ ಆಳಿಗೆ ಕೊಡಲು ದುಡ್ಡೆಲ್ಲಿದೆ? ಮಿಕ್ಸರ್ ಇರುವುದು ಅವರ ಎಡ ಮೊಣಕಾಲ ಬಳಿ. ಬಲಗೈ ಮನೆಗಳ ಮೇಲಿದ್ದರೆ ಎಡಗೈ ತಿದಿ ಒತ್ತುತ್ತಿರುತ್ತದೆ. ಗುಂಡಿ ತಿರುಗಿಸಬೇಕೆಂದರೆ ತಿದಿಯಲ್ಲಿ ಉಳಿದ ಗಾಳಿ ತೀರುವುದರೊಳಗೆ ತಿರುಗಿಸಬೇಕು.

ಹುಡುಗರು ಸ್ಪೀಕರ್ ಡಬ್ಬಿಗಳನ್ನು ಗುಡಿಯ ಗೋಡೆಗೆ, ಹಾಡುವವರ ಬೆನ್ನ ಹಿಂದೆ ಒರಗಿಸಿದ್ದರು. ವಾಯರ್ ಅಲ್ಲಿಗಷ್ಟೇ ಮುಟ್ಟುತ್ತದಂತೆ. ಮೈಕ್ ತೆರೆದದ್ದೇ ತಡ, ಕುಂಯ್ ಎಂದು ಸಣ್ಣಗೆ ಎದ್ದ ದನಿ ರೆಪ್ಪೆ ಬಡಿಯುವಷ್ಟರಲ್ಲಿ ಕಿವಿ ಸೀಳುವ ಸೀಟಿಯಾಯಿತು. ಗೋಪುರದ ಪಾರಿವಾಳಗಳು ಎದ್ದು ಹೋದವು. ಸ್ಪೀಕರಿನಿಂದ ಹೊರಬಿದ್ದದ್ದು ಮತ್ತೆ ಮೈಕಿಗೆ ಹೊಕ್ಕು, ಇನ್ನಷ್ಟು ದೊಡ್ಡದಾಗಿ ಹೊರಬಿದ್ದು, ಮತ್ತೆ ಹೊಕ್ಕು, ಗಾಣದೆತ್ತಿನಂತೆ ಸುತ್ತುವ ದನಿ ಅದು. ಡೆನ್ಮಾರ್ಕಿನ ಭೌತವಿಜ್ಞಾನಿಯೊಬ್ಬನ ಹೆಸರಿನಲ್ಲಿ ಪುಸ್ತಕಗಳು ಅದನ್ನು ಲಾರ್ಸನ್ ಪರಿಣಾಮ ಎನ್ನುತ್ತವೆ. ಇಲ್ಲಿಯವರಿಗೆ ಅದು ಬರೀ ‘ಸೀಟಿ’.

ಮಾಸ್ತರರು ಗುಂಡಿ ಮುಟ್ಟಲೇ ಇಲ್ಲ. ಡಬ್ಬಿಗಳನ್ನು ಹಾಡುವವರಿಗಿಂತ ಮುಂದೆ ಒಯ್ದು, ಮೋರೆ ಜನರ ಕಡೆ ತಿರುಗಿಸಿದರು. ಹಾಡುವವರಿಗೆ ತಮ್ಮ ದನಿ ಕೇಳಲೆಂದು ಇಟ್ಟ ಚಿಕ್ಕ ಡಬ್ಬಿಯನ್ನು ಮೈಕಿನ ಹಿಂಬದಿಗೆ ನೇರವಾಗಿ ಕೂಡಿಸಿದರು. ಈ ಜಾತಿಯ ಮೈಕಿಗೆ ಮುಂದಿನ ಕಿವಿ ಚುರುಕು, ಬೆನ್ನ ಕಡೆ ಹೆಚ್ಚುಕಡಿಮೆ ಕಿವುಡು. ಆಮೇಲೆ ಪೇಟಿಯ ಮುಂದೆ ಕೂತು ದನಿಯನ್ನು ಮೆಲ್ಲಗೆ ಏರಿಸುತ್ತ ಹೋದರು. ಸೀಟಿ ಏಳುವ ಅಂಚಿನಲ್ಲಿ ತಡೆದು, ಪೇಟಿಯ ಮನೆಗಳ ಮೇಲೆ ಬೆರಳಾಡಿಸಿ ಅದೇ ಸ್ವರ ಹುಡುಕಿದರು. ಸಿಕ್ಕಿತು, ಮೇಲಿನ ಸಪ್ತಕದ ಬಿಳಿ ಆರು. ಅಂದರೆ ಸುಮಾರು 880 ಹರ್ಟ್ಜ್. ಈಕ್ವಲೈಜರಿನ 31 ಕಡ್ಡಿಗಳಲ್ಲಿ 800ರದ್ದನ್ನು ಒಂದಿಷ್ಟು ಕೆಳಗೆಳೆದರು, ಸೀಟಿ ಅಡಗಿತು. ಕಂಪ್ಯೂಟರ್ ಹಿಡಿದು ಮಾಡುವವರನ್ನು ಕಂಡಿದ್ದೇನೆ. ಪೇಟಿಯಿಂದ ಕಳ್ಳನನ್ನು ಹಿಡಿದವರು ಇವರೊಬ್ಬರೇ.

ಕೊನೆಗೆ ಒಬ್ಬನನ್ನು ಹಾಡಲು ಬಿಟ್ಟು, ತಾವು ಬೇವಿನ ಮರದವರೆಗೆ ನಡೆದು, ಕೇಳಿ ಬಂದರು. ಒಮ್ಮೆ ಕೂತರೆ ಜನರಿಗೆ ಏನು ಕೇಳುತ್ತಿದೆ ಎಂಬುದು ಅವರಿಗೆ ತಿಳಿಯುವುದಿಲ್ಲ.

ಭಜನೆ ರಂಗೇರಿತು. ತಾಳದ ಸದ್ದು ತಗಡಿಗೆ ಬಡಿದು ಹೊರಳುತ್ತಿರುವಾಗ ಎಳೆಯ ಹಾಡುಗಾರ ಬಾಗಿ ಕೇಳಿದ:

“ಮಾಸ್ತರ್ರ, ನಂದು ನನಗ ಕೇಳವಲ್ದು, ಜರಾ ಏರಸ್ರಿ.”

“ಏರಸೂದಿಲ್ಲ. ಮೈಕ್ ಬಾಯಿ ಸನೇಕ ತಗೋ. ಮುಷ್ಟಿ ಸಡ್ಲ ಮಾಡು.”

ಟೀವಿ ನೋಡಿ ಕಲಿತ ಹುಡುಗ ಮೈಕಿನ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚಿದ್ದ. ಅದರ ಬಗಲಿನ ಕಿಂಡಿ ಮುಚ್ಚಿದರೆ ಬೆನ್ನಿಗೂ ಕಿವಿ ಮೂಡುತ್ತದೆ, ಸೀಟಿ ಕಾದೇ ಇರುತ್ತದೆ. ಬಾಯಿಗೂ ಮೈಕಿಗೂ ಇರುವ ಅಂತರ ಅರ್ಧವಾದರೆ ಮಷೀನು ಮುಟ್ಟದೆಯೇ 6 ಡೆಸಿಬಲ್‌ನಷ್ಟು ಬಲ ಬರುತ್ತದೆ. ಹಾಡದೆ ಸುಮ್ಮನೆ ಕೂತವರ ಎದುರಿನ ಎರಡು ಮೈಕುಗಳನ್ನೂ ಮಾಸ್ತರರು ಒಂದೇ ಉಸಿರಿನಲ್ಲಿ ಇಳಿಸಿದರು. ನಾಲ್ಕು ತೆರೆದಿದ್ದಲ್ಲಿ ಎರಡೇ ಉಳಿದರೆ ಸೀಟಿ ಏಳುವ ಮುನ್ನ ದನಿ ಏರಿಸಲು 3 ಡೆಸಿಬಲ್ ಜಾಗ ಸಿಗುತ್ತದೆ. ಪೇಟಿಯ ಸ್ವರ ಒಂದಿಷ್ಟು ಸೊರಗಿತು, ಜನ ಗಮನಿಸಲಿಲ್ಲ.

2000ರ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹತ್ತಕ್ಕೆ ಐದು ನಿಮಿಷ ಇರುವಾಗ ಮಾಸ್ತರರು ಎಡಗೈ ಚಾಚಿ ಮಷೀನು ಬಂದ್ ಮಾಡಿದರು. ಜನ ಜಮಖಾನೆಯ ಅಂಚಿಗೆ ಸರಿದು ಕೂತರು. ಭಜನೆ ನಸುಕಿನವರೆಗೆ ನಡೆಯಿತು.